ಕೋಬೆಯ ಬಾರಿನಲ್ಲಿ ನಿಷ್ಪಕ್ಷ ಕಾಮೆಂಟರಿ

ರಗ್ಬಿಯ ಗಂಧಗಾಳಿಯೂ ಇಲ್ಲದ ನಾನು ಜಪಾನಿನ ಕೋಬೆಯ ಬಾರೊಂದರಲ್ಲಿ ಇಬ್ಬರು ಐರಿಶ್ ಅಭಿಮಾನಿಗಳ ಮಧ್ಯೆ ಸಿಕ್ಕಿಬಿದ್ದಿದ್ದೆ. ಟಿವಿಯಲ್ಲಿ ಐರ್ಲೆಂಡಿನ ಪಂದ್ಯ ನಡೆಯುತ್ತಿತ್ತು.

"ಈ ಇಂಗ್ಲಿಷರ ಕಾಮೆಂಟರಿ ಬರೀ ರಾಜಕೀಯ. ನಮ್ಮನ್ನ ಕಂಡ್ರೆ ಅವರಿಗಾಗಲ್ಲ," ಅಂದ ಗಡ್ಡದವನು.

"ಸೋಲೋವಾಗೆಲ್ಲ ನೀನು ಮಾಧ್ಯಮದವರನ್ನೇ ಬೈತೀಯ," ಅಂದ ಅವನ ಗೆಳೆಯ.

ಗಡ್ಡದವನು ಎದ್ದು ನಿಂತ ರಭಸಕ್ಕೆ ಗ್ಲಾಸು ಉರುಳಿತು. ಮಾಲೀಕ ಮೋರಿ ಸಾನ್ ತಕ್ಷಣ ಟಿವಿಯನ್ನು ಜಪಾನಿ ಕಾಮೆಂಟರಿಗೆ ಬದಲಾಯಿಸಿ, ಅನುವಾದಕ್ಕೆ ಜಪಾನಿ ಬಲ್ಲ ನನ್ನತ್ತ ಕೈ ತೋರಿಸಿದರು. ಅಷ್ಟರಲ್ಲೇ ರೆಫರಿ ಐರ್ಲೆಂಡಿನ ಆಟಗಾರನೊಬ್ಬನನ್ನು ಹೊರಗೆ ಕಳಿಸಿದ.

"ಏನಂತೆ?" ಗಡ್ಡದವನು ನನ್ನ ಮುಖದ ಹತ್ತಿರವೇ ಬಂದ.

ತಪ್ಪು ಸ್ಪಷ್ಟವಾಗಿದೆ, ಈ ಶಿಕ್ಷೆ ಸಾಲದು ಎನ್ನುತ್ತಿದ್ದ ಕಾಮೆಂಟೇಟರ್.

"ರೆಫರಿ ಸ್ವಲ್ಪ ಆತುರಪಟ್ಟರಂತೆ," ಅಂದೆ.

"ಕೇಳಿದೆಯಾ? ನ್ಯಾಯವಾಗಿ ಮಾತಾಡೋದು ಅಂದ್ರೆ ಇದು," ಎಂದು ಅವನು ಗೆಳೆಯನತ್ತ ತಿರುಗಿ, ಕೂತ.

ಎಲ್ಲ ಅರ್ಥವಾಗಿದ್ದ ಮೋರಿ ಸಾನ್ ನನ್ನ ಮುಂದೆ ಬಿಯರ್ ಇಟ್ಟು ತಲೆಬಾಗಿದರು. "ಸುಮಿಮಾಸೆನ್, ಕ್ಷಮಿಸಿ, ಇನ್ನೂ ಅರ್ಧ ಗಂಟೆ ಆಟ ಇದೆ."