ಬೀಡಿಯ ನೂಲು ಮಾಯವಾದ ಡಿಸ್ಕ್

2023ರ ಜುಲೈಯಲ್ಲಿ ನಾನು ಮೂಡುಬಿದಿರೆಯ ಒಂದು ಸಣ್ಣ ಸ್ಟುಡಿಯೋದಲ್ಲಿ ಕ್ವಾಲಿಟಿ ಕಂಟ್ರೋಲ್ ಪರೀಕ್ಷಕಿಯಾಗಿದ್ದೆ. ಕೆಲಸಕ್ಕೆ ಸೇರಿ ಎರಡನೇ ವರ್ಷ. ಹಳೆಯ ಸಿನಿಮಾಗಳು ಬ್ಲೂ-ರೇ ಡಿಸ್ಕ್ ಆಗಿ ಮಾರಾಟಕ್ಕೆ ಹೋಗುವ ಮೊದಲು ಅವುಗಳ ಚಿತ್ರ ಮತ್ತು ಧ್ವನಿ ಸರಿ ಇದೆಯೇ ಎಂದು ನೋಡಿ ವರದಿ ಬರೆಯುವುದು ನನ್ನ ಕೆಲಸ. ಬೆಳುವಾಯಿಯಿಂದ ಬರುವ ಬಸ್ಸಿನಲ್ಲಿ ಇದನ್ನು ಹೇಳಿದಾಗ ಪಕ್ಕದ ಸೀಟಿನ ಹೆಂಗಸೊಬ್ಬರು, “ಸಿನಿಮಾ ನೋಡ್ಲಿಕ್ಕೆ ಸಂಬಳವೂ ಉಂಟಾ?” ಎಂದು ಕೇಳಿದ್ದರು. ಉಂಟು. ಆದರೆ ನೋಡುವುದಕ್ಕಲ್ಲ, ವರದಿಯ ಕೆಳಗೆ ಹಾಕುವ ಸಹಿಗೆ.

ನಮ್ಮಲ್ಲಿ ಪ್ರತಿ ಚಿತ್ರವನ್ನು ಎರಡು ಸಲ ನೋಡುತ್ತೇವೆ. ಮೊದಲ ಸಲ ಸಾಮಾನ್ಯ ಪ್ರೇಕ್ಷಕರಂತೆ, ಎಲ್ಲೂ ನಿಲ್ಲಿಸದೆ, ಪೆನ್ನು ಮುಟ್ಟದೆ. ಎರಡನೇ ಸಲ ನಿಲ್ಲಿಸಿ ನಿಲ್ಲಿಸಿ, ದೋಷ ಕಂಡಲ್ಲಿ ಸಮಯ ಗುರುತು ಹಾಕಿಕೊಳ್ಳುತ್ತಾ. ಮೊದಲ ನೋಟ ಸಮಯ ಹಾಳು ಎನ್ನುವವರೂ ಇದ್ದಾರೆ. ನಾನು ಅದನ್ನು ಬಿಟ್ಟವಳಲ್ಲ.

ಜುಲೈ 10, ಸೋಮವಾರ ನನ್ನ ಮೇಜಿಗೆ ಬಂದದ್ದು ಒಂದು ಕಪ್ಪು-ಬಿಳುಪು ಚಿತ್ರ. ಒಪ್ಪಂದದ ಕಾರಣ ಹೆಸರು ಬರೆಯುವಂತಿಲ್ಲ. ನಾನು ಹುಟ್ಟುವ ಮೊದಲೇ ಬಂಟ್ವಾಳದ ಟಾಕೀಸಿನಲ್ಲಿ ಒಂದು ವಾರ ಓಡಿ ಮರೆಯಾಗಿದ್ದ ಗಂಭೀರ ಸಿನಿಮಾ. ಅದರ ಪ್ರಿಂಟುಗಳೆಲ್ಲ ಹಾಳಾಗಿ ನೆಗೆಟಿವ್ ಒಂದೇ ಉಳಿದಿತ್ತು. ಅದನ್ನು ಹೊರಗಿನ ಒಂದು ಲ್ಯಾಬಿನವರು ಸ್ಕ್ಯಾನ್ ಮಾಡಿ, ಗೆರೆ-ಧೂಳು ತೆಗೆದು, ಹೊಸದರಂತೆ ಮಾಡಿ ಕಳಿಸಿದ್ದರು. ಇನ್ನು ಮುಂದೆ ಯಾರಾದರೂ ಈ ಚಿತ್ರ ನೋಡಿದರೆ ಈ ಡಿಸ್ಕಿನಲ್ಲೇ ನೋಡಬೇಕು.

ಕಥೆ ಬೀಡಿ ಕಟ್ಟುವ ಹೆಂಗಸೊಬ್ಬಳದು. ಕೊನೆಯ ಭಾಗದಲ್ಲಿ ಆಕೆ ಜಗಲಿಯಲ್ಲಿ ಕಾಲು ಮಡಚಿ ಕುಳಿತು ಬೀಡಿ ಕಟ್ಟುತ್ತಿರುವಾಗ, ಮುಂಬೈಗೆ ಹೋದ ಗಂಡ ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡಿದ್ದಾನೆಂಬ ಸುದ್ದಿ ಬರುತ್ತದೆ. ಆಕೆ ಮಾತಾಡುವುದಿಲ್ಲ. ಕೈ ನಡೆಯುತ್ತಲೇ ಇರುತ್ತದೆ. ಕ್ಯಾಮೆರಾ ಆ ಬೆರಳುಗಳನ್ನೇ ನೋಡುತ್ತಾ ಕೂರುತ್ತದೆ. ಆಮೇಲೆ ಆಕೆ ತಟ್ಟನೆ ಎದ್ದು, ಮೊರವನ್ನು ಬದಿಗಿಟ್ಟು, ಮನೆ ಬಿಟ್ಟು ನಡೆಯುತ್ತಾಳೆ.

ಯಾಕೆ ಎದ್ದಳು? ಮೊದಲ ನೋಟದಲ್ಲಿ ನನಗೆ ತಿಳಿಯಲಿಲ್ಲ. ಇಂಥ ಸಿನಿಮಾಗಳೇ ಹೀಗೆ ಇರಬಹುದು ಎಂದುಕೊಂಡೆ. ಆದರೆ ಆ ದೃಶ್ಯ ನೋಡುವಾಗ ನನ್ನ ಬೆರಳುಗಳಿಗೆ ಏನೋ ಕಸಿವಿಸಿಯಾಗಿತ್ತು. ನಮ್ಮ ಮನೆಯಲ್ಲಿ ಅಮ್ಮ ಬೀಡಿ ಕಟ್ಟುತ್ತಾರೆ, ಹೈಸ್ಕೂಲಿನವರೆಗೆ ನಾನೂ ಕಟ್ಟಿದ್ದೇನೆ. ಎಲೆಗೆ ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಬಿಗಿದರೆ ಒಂದು ಬೀಡಿ. ಎರಡನೇ ಸಲ ನಿಲ್ಲಿಸಿ ನೋಡಿದೆ. ಆಕೆಯ ಬೆರಳು ಸುತ್ತುತ್ತಿದೆ, ಬಿಗಿಯುತ್ತಿದೆ. ನೂಲು ಮಾತ್ರ ಇಲ್ಲ.

ಲ್ಯಾಬಿನವರು ಶುಚಿ ಮಾಡುವ ಮುಂಚಿನ ಸ್ಕ್ಯಾನ್ ತರಿಸಿ ಪಕ್ಕದಲ್ಲಿಟ್ಟೆ. ಅದರ ತುಂಬ ಗೆರೆ, ಧೂಳು. ಅದರ ನಡುವೆ ಬಿಳಿ ನೂಲು ಸ್ಪಷ್ಟವಾಗಿತ್ತು. ಆಕೆ ಅದನ್ನು ಎಳೆಯುತ್ತಾಳೆ, ಇನ್ನೂ ಎಳೆಯುತ್ತಾಳೆ, ಅದು ತುಂಡಾಗುತ್ತದೆ. ತುಂಡಾದ ಮೇಲೆ ಏಳುತ್ತಾಳೆ. ಇಡೀ ಸಿನಿಮಾ ಆ ಒಂದು ಎಳೆಗಾಗಿ ಕಾದು ಕುಳಿತಿತ್ತು.

ತಪ್ಪು ಆದದ್ದು ಹೀಗೆ. ಗೆರೆ ತೆಗೆಯುವ ಸಾಫ್ಟ್‌ವೇರ್ ಪ್ರತಿ ಫ್ರೇಮನ್ನು ಅದರ ಹಿಂದಿನ ಮತ್ತು ಮುಂದಿನ ಫ್ರೇಮಿನೊಂದಿಗೆ ಹೋಲಿಸುತ್ತದೆ. ಒಂದರಲ್ಲಿದ್ದು ಉಳಿದೆರಡರಲ್ಲಿ ಅದೇ ಜಾಗದಲ್ಲಿ ಇಲ್ಲದ್ದನ್ನು ಕೊಳೆ ಎಂದು ಅಳಿಸುತ್ತದೆ. ಉದ್ದಕ್ಕೆ ನಿಂತ ತೆಳು ಬಿಳಿ ಗೆರೆಯನ್ನು ಫಿಲ್ಮಿನ ಗೀರು ಎಂದು ಒರೆಸುತ್ತದೆ. ಬೀಡಿಯ ನೂಲು ಓಡುವಾಗ ಕೊಳೆಯಂತೆ, ಬಿಗಿದು ನಿಂತಾಗ ಗೀರಿನಂತೆ ಕಂಡಿತ್ತು. ಎರಡೂ ಕಡೆಯಿಂದ ಸಿಕ್ಕಿಬಿತ್ತು.

ವರದಿಯಲ್ಲಿ ‘ಫೇಲ್’ ಎಂದು ಬರೆದೆ. ಸ್ಟುಡಿಯೋದ ಮಾಲೀಕರು ಧರಣಣ್ಣ, ಮುಂಬೈಯ ಬೇರೊಂದು ಫಿಲ್ಮ್ ಲ್ಯಾಬಿನಲ್ಲಿ ಬಹುಕಾಲ ದುಡಿದು ಊರಿಗೆ ಬಂದವರು. ವರದಿ ಹಿಡಿದುಕೊಂಡೇ ನನ್ನ ಕೋಣೆಗೆ ಬಂದರು.

“ಎಂತ ಮಾರಾಯ್ತಿ ಇದು? ಶುಕ್ರವಾರ ಡಿಸ್ಕ್ ಒತ್ತಲಿಕ್ಕೆ ಫ್ಯಾಕ್ಟರಿಗೆ ಹೋಗ್ಬೇಕು.”

“ನೂಲಿಲ್ಲ, ಧರಣಣ್ಣ.”

“ಒಂದು ನೂಲಿಗೆ ಇಡೀ ಸಿನಿಮಾ ಫೇಲಾ? ಸಿನಿಮಾ ಮಾಡಿದ ಮಾಸ್ಟ್ರೇ ನೋಡಿ ಒಪ್ಪಿದ್ದಾರೆ. ಅವರಿಗಿಂತ ನಿನಗೆ ಹೆಚ್ಚು ಗೊತ್ತುಂಟಾ?”

“ಹಾಗಾದ್ರೆ ಅವರ ಹತ್ರವೇ ಹೋಗುವ. ಎದುರಲ್ಲೇ ಕೇಳ್ತೇನೆ.”

“ಅವರು ಸರಿ ಅಂದ್ರೆ ಅಲ್ಲೇ ಸೈನ್ ಹಾಕ್ಬೇಕು, ಆಯ್ತಾ?”

“ಅವರು ಅಂದ್ರೂ ನಾನು ಹಾಕುವುದಿಲ್ಲ. ಬೇಕಾದ್ರೆ ನೀವು ಹಾಕಿ. ವರದಿಯಿಂದ ನನ್ನ ಹೆಸರು ತೆಗೆದುಬಿಡಿ, ಕೆಲಸದಿಂದ ನನ್ನನ್ನು ಕೂಡ.”

ಧರಣಣ್ಣ “ನಿನ್ನನ್ನು ಒಬ್ಬಳೇ ಕಳಿಸಿದ್ರೆ ಆ ಮುದುಕರನ್ನೂ ಫೇಲ್ ಮಾಡಿ ಬರ್ತಿ” ಎಂದು ಕಾರಿನ ಕೀಲಿ ತೆಗೆದುಕೊಂಡರು.

ಚಿತ್ರದ ನಿರ್ದೇಶಕರು ವಾಮನ ಮಾಸ್ಟ್ರು. ಡ್ರಾಯಿಂಗ್ ಕಲಿಸುತ್ತಿದ್ದವರು ಜೀವನದಲ್ಲಿ ಮಾಡಿದ್ದು ಇದೊಂದೇ ಸಿನಿಮಾ. ಬೆಳ್ತಂಗಡಿ ದಾಟಿ ಕಕ್ಕಿಂಜೆಯಲ್ಲಿ ಮಗ-ಸೊಸೆಯೊಂದಿಗೆ ಇದ್ದಾರೆ. ನಾವು ಹೋದಾಗ, ಒಪ್ಪಿಗೆಗಾಗಿ ಮೊದಲೇ ಕಳಿಸಿದ್ದ ಡಿಸ್ಕಿನ ಪ್ರತಿ ಅವರ ಟಿವಿಯ ಪಕ್ಕದಲ್ಲೇ ಇತ್ತು.

“ಚಂದ ಮಾಡಿದ್ದಾರೆ ಮಗಾ. ಮೊದಲಿನದ್ದಕ್ಕಿಂತ ಚಂದ ಉಂಟು” ಎಂದರು. ಅವರ ಮುಖದಲ್ಲಿದ್ದ ಸಂತೋಷ ನೋಡಿ ನನಗೆ ಬಾಯಿ ಬಿಡಲು ಕಷ್ಟವಾಯಿತು. ಆದರೂ ಜಗಲಿಯ ದೃಶ್ಯ ಹಾಕಿ ಕೇಳಿದೆ, “ಮಾಸ್ಟ್ರೇ, ನೂಲು ಕಾಣ್ತದಾ?”

“ಕಾಣ್ತದಲ್ಲ. ಇಗಾ, ಈಗ ತುಂಡಾಗ್ತದೆ ನೋಡು.”

ಪರದೆಯಲ್ಲಿ ಏನೂ ಇರಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ. ಆ ನೂಲು ಅವರ ಕಣ್ಣಿನೊಳಗೇ ಇತ್ತು. ಧರಣಣ್ಣ ನನ್ನ ಕಡೆ ತಿರುಗಿ, “ಆಯ್ತಲ್ಲ?” ಎಂದು ಪೆನ್ನು ನೀಡಿದರು. ನಾನು ಕೈ ಚಾಚಲಿಲ್ಲ.

ಅಷ್ಟರಲ್ಲಿ ಸೊಸೆ ಸುಮಿತ್ರಕ್ಕ ಚಹಾ ತಂದರು. ಮಾವನ ಸಿನಿಮಾ ನೋಡಿದ್ದೀರಾ ಎಂದು ಕೇಳಿದೆ. ಮದುವೆಯಾಗಿ ಬಂದು ಆರು ತಿಂಗಳಾಯಿತು, ಇನ್ನೂ ನೋಡಿಲ್ಲ ಎಂದರು. ಕೂರಿಸಿ, ಕಥೆಯನ್ನು ಎರಡು ಮಾತಿನಲ್ಲಿ ಹೇಳಿ, ಅದೇ ದೃಶ್ಯ ತೋರಿಸಿದೆ.

“ಅವಳು ಯಾಕೆ ಎದ್ದದ್ದು, ಅಕ್ಕಾ?”

ಸುಮಿತ್ರಕ್ಕ ಯೋಚಿಸಿದರು. “ಅಷ್ಟು ಹೊತ್ತು ಕೂತದ್ದಲ್ವಾ? ಕಾಲು ಜೋಮು ಹಿಡಿದಿರ್ಬೇಕು. ಅಲ್ವಾ ಮಾವ?”

ಮಾಸ್ಟ್ರು ಚಹಾ ಕೆಳಗಿಟ್ಟು ಟಿವಿಯ ಹತ್ತಿರ ಹೋಗಿ ಕುಕ್ಕರಗಾಲಿನಲ್ಲಿ ಕುಳಿತರು. ಇನ್ನೊಮ್ಮೆ ಹಾಕು ಎಂದರು. ಹಾಕಿದೆ. ಈ ಸಲ ಅವರು ಪರದೆಯನ್ನು ನೋಡಿದರು. ಆಮೇಲೆ ಧರಣಣ್ಣನಿಗೆ, “ನಾನು ಒಪ್ಪಿದ್ದೇನೆಂದು ಬರೆದದ್ದುಂಟಲ್ಲ, ಅದನ್ನು ಹರಿದು ಹಾಕಿ” ಎಂದರು.

ಮರಳಿ ಬರುವಾಗ ಧರಣಣ್ಣ ತೋಡಾರಿನಲ್ಲಿದ್ದ ತಮ್ಮ ಸ್ಟುಡಿಯೋ ಪಾಲುದಾರರಿಗೆ ಫೋನು ಮಾಡಿ, ಶುಕ್ರವಾರ ಡಿಸ್ಕ್ ಹೋಗುವುದಿಲ್ಲವೆಂದು ತಿಳಿಸಿದರು. ಯಾಕೆ ಎಂದು ಆ ಕಡೆಯಿಂದ ಕೇಳಿರಬೇಕು. “ನೂಲು ಇಲ್ಲ” ಎಂದಷ್ಟೇ ಹೇಳಿ ಇಟ್ಟರು.

ಜಗಲಿಯ ದೃಶ್ಯವಿದ್ದ ಕೊನೆಯ ರೀಲಿಗೆ ಸಾಫ್ಟ್‌ವೇರ್ ಮುಟ್ಟಿಸಬಾರದು, ದೊಡ್ಡ ಕಲೆಗಳನ್ನು ಮಾತ್ರ ಕೈಯಿಂದ ತೆಗೆಯಬೇಕು ಎಂದು ಲ್ಯಾಬಿಗೆ ಬರೆದೆವು. ಅವರು ಸಿಟ್ಟಾದರೂ ಹಾಗೆಯೇ ಮಾಡಿ ಕಳಿಸಿದರು. ಆದರೆ ಆಮೇಲೆ ನಮಗೆ ಬೇರೆ ಕೆಲಸ ಕಳಿಸಲಿಲ್ಲ. ಡಿಸ್ಕ್ ಎರಡು ತಿಂಗಳು ತಡವಾಗಿ ಹೊರಬಂತು.

ಈ ವೃತ್ತಿ ನನಗೆ ಕಲಿಸಿದ್ದು ಇಷ್ಟು: ಚಿತ್ರ ಎಷ್ಟು ಹೊಳೆಯುತ್ತದೆ ಎಂಬುದು ಗುಣಮಟ್ಟವಲ್ಲ. ಕಥೆ ಗೊತ್ತಿರುವವರ ಒಪ್ಪಿಗೆಯೂ ಸಾಲದು, ಅವರು ಇಲ್ಲದ್ದನ್ನು ತಾವೇ ತುಂಬಿಕೊಳ್ಳುತ್ತಾರೆ. ಏನೂ ಗೊತ್ತಿಲ್ಲದೆ ಮೊದಲ ಸಲ ನೋಡುವವರ ಪರವಾಗಿ ಒಬ್ಬರಾದರೂ ಸಹಿ ಹಾಕದೆ ಕೂರಬೇಕು.

ಡಿಸ್ಕ್ ಬಂದ ಮೇಲೆ ಅಂತರ್ಜಾಲದಲ್ಲಿ ಒಬ್ಬರು ವಿಮರ್ಶೆ ಬರೆದರು. ಉಳಿದೆಲ್ಲ ಚೆನ್ನಾಗಿದೆ, ಕೊನೆಯ ರೀಲಿನಲ್ಲಿ ಬಿಳಿ ಗೆರೆಗಳು ಹಾಗೆಯೇ ಉಳಿದಿವೆ, ಪರೀಕ್ಷಿಸಿದವರು ಗಮನಿಸಬೇಕಿತ್ತು ಎಂದು ಅಂಕ ಕಳೆದಿದ್ದರು. ಅದನ್ನು ಪ್ರಿಂಟ್ ತೆಗೆದು ನನ್ನ ಮೇಜಿನ ಎದುರಿನ ಗೋಡೆಗೆ ಅಂಟಿಸಿದ್ದೇನೆ. ಗಮನಿಸಿಯೇ ಬಿಟ್ಟದ್ದು. ಆ ಗೆರೆಗಳಲ್ಲಿ ಒಂದು ನೂಲು.