ಹುಳದ ಮನೆಗೆ ಹೋದ ಮೂರು ಫ್ಯಾನ್

ಸ್ವಲ್ಪ ತಡೀರಿ. ಪ್ರೊಸೆಸರ್ ಬುಕ್ ಮಾಡೋಕೆ ಬೆರಳು ಎತ್ತಿದ್ದರೆ ಹಾಗೇ ಇಳಿಸಿ. ಇದನ್ನು ಕೊನೆವರೆಗೆ ಓದಿ, ಆಮೇಲೆ ಒತ್ತಿ. ನಾನೂ ಹಾಗೇ ಬೆರಳು ಎತ್ತಿಕೊಂಡು ಹೆಚ್ಚುಕಡಿಮೆ ಒಂದು ಬೇಸಿಗೆ ಕೂತಿದ್ದವನು.

ನಮ್ಮದು ಮಧುಗಿರಿ ಪಕ್ಕದ ಹಳ್ಳಿ. ಗೇಮಿಂಗ್ ಕಂಪ್ಯೂಟರನ್ನು ನನ್ನ ಕೈಯಾರೆ ಜೋಡಿಸಬೇಕು ಅನ್ನುವುದು ಬಹಳ ದಿನದ ಆಸೆ. ಇದನ್ನು ನನಗೆ ಯಾರೂ ಕಲಿಸಿದ್ದಲ್ಲ. ವಿಡಿಯೋ ನೋಡಿ, ಕೆಟ್ಟುಹೋದ ಕಂಪ್ಯೂಟರ್ ಬಿಚ್ಚಿ, ಮತ್ತೆ ಜೋಡಿಸಿ, ಪ್ರತಿ ಸಲ ಮಿಕ್ಕುವ ಒಂದೆರಡು ಸ್ಕ್ರೂಗಳನ್ನು ಡಬ್ಬಿಗೆ ಹಾಕಿಟ್ಟು ಕಲಿತದ್ದು. ಮದರ್‌ಬೋರ್ಡ್ ಬಂದಿತ್ತು, ಕ್ಯಾಬಿನೆಟ್ ಬಂದಿತ್ತು, ಅದರ ಜೊತೆ ಮೂರು ಫ್ಯಾನ್ ಬಂದಿದ್ದವು. ಪ್ರೊಸೆಸರ್ ಒಂದೇ ಬಾಕಿ.

ಆ ಬೋರ್ಡಿನ ಮೇಲೆ ಕೂರುವಂಥವು ಎರಡು ನನ್ನ ಮನಸ್ಸಿನಲ್ಲಿದ್ದವು. ಒಂದು ದೊಡ್ಡದು: ಎಲ್ಲಾ ವಿಡಿಯೋಗಳಲ್ಲೂ ಅದರದ್ದೇ ಮಾತು, ಸ್ಪೀಡು ಜಾಸ್ತಿ, ಕರೆಂಟು ಜಾಸ್ತಿ ತಿನ್ನುತ್ತದೆ, ಹಾಗಾಗಿ ಬಿಸಿಯೂ ಜಾಸ್ತಿ. ಇನ್ನೊಂದು ಸಾಧಾರಣದ್ದು: ಬಿಸಿ ಅರ್ಧಕ್ಕರ್ಧ ಕಡಿಮೆ, ನಾನು ಆಡುವ ಆಟಗಳಿಗೆ ನಿಜ ಹೇಳಬೇಕೆಂದರೆ ಸಾಕು. ಆದರೆ ಸಾಕು ಅನ್ನುವ ವಸ್ತುವಿನ ಬಗ್ಗೆ ಯಾರಿಗೆ ಆಸೆ ಹುಟ್ಟುತ್ತದೆ ಹೇಳಿ. ನನಗೆ ದೊಡ್ಡದೇ ಬೇಕಿತ್ತು.

ತೊಂದರೆ ಇದ್ದದ್ದು ಮನೆಯಲ್ಲಿ. ವಿಡಿಯೋ ಮಾಡುವವರೆಲ್ಲ ಏಸಿ ಹಾಕಿಕೊಂಡು ಟೆಂಪರೇಚರ್ ತೋರಿಸುತ್ತಾರೆ. ನಮ್ಮದು ಶೀಟಿನ ಮನೆ. ಹಗಲೆಲ್ಲ ಶೀಟು ಕಾಯುತ್ತದೆ, ಸಂಜೆಯಾದರೆ ಬೆಟ್ಟದ ಬಂಡೆ ಕುಡಿದಿಟ್ಟುಕೊಂಡ ಬಿಸಿಲನ್ನೆಲ್ಲ ಊರ ಕಡೆಗೆ ಬಿಡುತ್ತದೆ. ತಣ್ಣಗಿರುವ ಜಾಗ ಅಂತ ಇರುವುದು ಹಿತ್ತಲಿನ ಹುಳದ ಮನೆ ಒಂದೇ. ಅಮ್ಮ ರೇಷ್ಮೆಹುಳ ಸಾಕುವುದು ಅಲ್ಲಿ. ಕಿಟಕಿಗೆಲ್ಲ ಒದ್ದೆ ಗೋಣಿತಾಟು, ಗೋಡೆಯಲ್ಲಿ ಥರ್ಮಾಮೀಟರ್, ಒಳಗೆ ಕಾಲಿಟ್ಟರೆ ಹೊಳೆಗೆ ಇಳಿದ ಹಾಗೆ.

ಒಂದು ಮೂಲೆ ಕೊಡಮ್ಮ, ಮೇಜು ಹಾಕಿಕೊಳ್ಳುತ್ತೇನೆ ಅಂದೆ. ಅಮ್ಮ ಹುಳಕ್ಕೆ ಸೊಪ್ಪು ಹೆಚ್ಚುತ್ತಾ ತಲೆ ಕೂಡ ಎತ್ತಲಿಲ್ಲ.

"ಚಪ್ಲಿ ಹಾಕ್ಕಂಡ್ರೆ ನಿನ್ನೇ ಒಳಕ್ ಬುಡಲ್ಲ. ನಿನ್ ಪೆಟ್ಗೆ ಬುಟ್ಟೇನಾ?"

ಅದು ಬರೀ ಮಡಿಯ ಮಾತಾಗಿರಲಿಲ್ಲ. ಹಿಂದಿನ ಬೆಳೆಗೆ ಬಿಸಿಲು ಬಡಿದು ಸಪ್ಪೆ ರೋಗ ಬಂದಿತ್ತು. ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ ಹುಳಗಳು ಮೆತ್ತಗಾಗಿ ಸತ್ತವು. ಅಮ್ಮ ಬುಟ್ಟಿ ಬುಟ್ಟಿ ಹೊತ್ತು ಗುಂಡಿಗೆ ಹಾಕಿ ಮಣ್ಣು ಎಳೆದಿದ್ದಳು. ಈ ಬೆಳೆಯೂ ಹೋದರೆ ಹುಳ ಸಾಕುವುದನ್ನೇ ಬಿಟ್ಟು ಆ ಮನೆಗೆ ಕುರಿ ಕಟ್ಟುತ್ತೇನೆ ಅಂತ ಎಲ್ಲರ ಮುಂದೆ ಹೇಳಿಬಿಟ್ಟಿದ್ದಳು. ಹುಳ ಸಾಕುವುದು ಅವಳ ತವರಿನಿಂದ ಬಂದ ಕೆಲಸ. ಅಷ್ಟು ಸುಲಭಕ್ಕೆ ಬಿಡುವವಳಲ್ಲ, ಆದರೆ ಆಡಿದ ಮಾತು ತಪ್ಪುವವಳೂ ಅಲ್ಲ.

ನಾನು ಶಿರಾಕ್ಕೆ ಹೋದೆ. ಅಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯವರೊಬ್ಬರು ಇದ್ದಾರೆ, ನಾವೆಲ್ಲ ಭಾಯ್ ಅನ್ನುತ್ತೇವೆ. ನನ್ನ ಡೌಟುಗಳನ್ನು ಬೈದುಕೊಂಡಾದರೂ ಕೇಳಿಸಿಕೊಳ್ಳುವವರು. ದೊಡ್ಡ ಪ್ರೊಸೆಸರ್‌ಗೆ ನೀರಿನ ಕೂಲರ್ ಹಾಕಿದರೆ ಅಮ್ಮನನ್ನು ಒಪ್ಪಿಸಬಹುದು, ಕಂಪ್ಯೂಟರ್ ತಣ್ಣಗಿದ್ದರೆ ಹುಳಕ್ಕೇನು ತೊಂದರೆ ಅನ್ನುವ ನನ್ನ ಲೆಕ್ಕವನ್ನು ಅವರ ಮುಂದಿಟ್ಟೆ. ಭಾಯ್ ಅದೇ ಪ್ರೊಸೆಸರ್ ಇದ್ದ ಯಾರದೋ ಕಂಪ್ಯೂಟರ್ ಆನ್ ಮಾಡಿ, ಭಾರದ ಕೆಲಸ ಕೊಟ್ಟು, ನನ್ನ ಕೈ ಹಿಡಿದು ಅದರ ಹಿಂದೆ ಇಟ್ಟರು. ಇಸ್ತ್ರಿ ಪೆಟ್ಟಿಗೆ ಹತ್ತಿರ ಕೈ ಒಯ್ದ ಹಾಗಾಯಿತು.

"ಕೂಲರ್ ಅಂದ್ರೆ ಏನಂದ್ಕೊಂಡಿದೀಯಾ, ಫ್ರಿಜ್ಜಾ?" ಅಂದರು. "ಅದು ಹಮಾಲಿ. ಬಿಸಿ ಇಲ್ಲಿಂದ ಎತ್ತಿ ಅಲ್ಲಿ ಹಾಕ್ತದೆ, ಬಸ್. ನೀರಿಂದು ಹಾಕು, ಗಾಳೀದು ಹಾಕು, ಆ ಬಿಸಿ ನಿನ್ ರೂಮಲ್ಲೇ ಇರ್ತದೆ."

ಇಷ್ಟು ವಿಡಿಯೋ ನೋಡಿದ್ದೆ, ಈ ಮಾತು ಎಲ್ಲೂ ನನ್ನ ಕಿವಿಗೆ ಬಿದ್ದಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲೇ ಹುಳದ ಮನೆಯ ಆಸೆ ಬಿಟ್ಟೆ. ದೊಡ್ಡ ಪ್ರೊಸೆಸರ್ ಆಸೆ ಮಾತ್ರ ಬಿಡಲಿಲ್ಲ. ಶೀಟಿನ ಮನೆಯಲ್ಲೇ ಇಟ್ಟು, ಮೂರು ಫ್ಯಾನನ್ನೂ ಮುಂದೆ ಹಿಂದೆ ಜೋಡಿಸಿ, ದೊಡ್ಡ ಕೂಲರ್ ತರಿಸಿದರೆ ಹೇಗೋ ನಡೆದೀತು ಅಂದುಕೊಂಡೆ.

ಅಷ್ಟರಲ್ಲಿ ಹುಳಗಳು ನಾಲ್ಕನೇ ಜ್ವರ ಎದ್ದಿದ್ದವು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹುಳ ತಿನ್ನುವುದು ಬಿಟ್ಟು ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೆಯದು ಎದ್ದ ಮೇಲೆ ಹಗಲೂ ರಾತ್ರಿ ತಿನ್ನುತ್ತವೆ, ಆಮೇಲೆ ಗೂಡು ಕಟ್ಟುತ್ತವೆ. ಸೆಕೆ ತಡೆಯದೆ ಸಾಯುವುದೂ ಈ ವಯಸ್ಸಿನಲ್ಲೇ.

ಒಂದು ಸಂಜೆ ಬೀಸಿದ ಗಾಳಿಗೆ ಲೈಟ್ ಕಂಬ ವಾಲಿತು. ಅದನ್ನು ಸರಿಮಾಡಲು ಮಾರನೇ ಬೆಳಿಗ್ಗೆಯಿಂದ ಕರೆಂಟ್ ತೆಗೆದಿದ್ದರು, ಸಂಜೆಗೆ ಬರಬಹುದು ಅಂತ ಸುದ್ದಿ. ಹುಳದ ಮನೆಯ ಫ್ಯಾನ್ ನಿಂತುಹೋಯಿತು. ಗೋಣಿತಾಟು ಒದ್ದೆಯಾಗಿಯೇ ಇತ್ತು, ಆದರೆ ಗಾಳಿ ಆಡಬೇಕಲ್ಲ. ಮಧ್ಯಾಹ್ನದ ಹೊತ್ತಿಗೆ ಥರ್ಮಾಮೀಟರ್ ಏರತೊಡಗಿತು. ಹುಳಗಳು ಸೊಪ್ಪು ಬಿಟ್ಟು ತಲೆ ಎತ್ತಿಕೊಂಡು ಸುಮ್ಮನಿದ್ದವು. ಅಮ್ಮ ಮೊರ ಹಿಡಿದು ಹುಳದ ತಟ್ಟೆಯಿಂದ ತಟ್ಟೆಗೆ ಗಾಳಿ ಬೀಸುತ್ತಿದ್ದಳು.

ನನ್ನ ಫ್ಯಾನುಗಳು ಹನ್ನೆರಡು ವೋಲ್ಟಿನವು, ಬ್ಯಾಟರಿಯಲ್ಲೂ ತಿರುಗುತ್ತವೆ ಅಂತ ಆಗ ಹೊಳೆಯಿತು. ಬ್ಯಾಟರಿ ಎಲ್ಲಿದೆ? ಟೊಮೆಟೊಗೆ ಔಷಧಿ ಹೊಡೆಯುವ ಪಂಪಿನಲ್ಲಿ. ಅದನ್ನೇ ಬೆನ್ನಿಗೆ ಹಾಕಿಕೊಂಡು ಓಡಿದೆ. ಅಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಲೇ, ಅಲ್ಲೇ ನಿಂತ್ಕ. ಅದ್ರ ವಾಸ್ನೆ ಒಳಕ್ ಬಂದ್ರೆ ಸೆಕೆ ಏನೂ ಬ್ಯಾಡ, ನಿನ್ ಕೈಯಾಗೇ ಸಾಯ್ತವೆ."

ಔಷಧಿ ಕೈಯಲ್ಲಿ ಹುಳ ಮುಟ್ಟಬಾರದು ಅನ್ನುವುದು ನಮ್ಮೂರಿನ ಮಗುವಿಗೂ ಗೊತ್ತು. ನಾನು ವೋಲ್ಟು ನೋಡಿದೆನೇ ಹೊರತು ಪಂಪು ನೋಡಿರಲಿಲ್ಲ. ಅದನ್ನು ದೂರ ಇಟ್ಟು, ಸೋಪು ಹಾಕಿ ಕೈಕಾಲು ತೊಳೆದು, ಅಂಗಿ ಬದಲಾಯಿಸಿ, ಬೈಕಿನ ಬ್ಯಾಟರಿ ಬಿಚ್ಚಿದೆ. ಫ್ಯಾನಿನ ವೈರು ಸುಲಿದು ಕಟ್ಟಿದೆ. ಗೋಣಿದಾರದಲ್ಲಿ ಎರಡು ಫ್ಯಾನನ್ನು ಒದ್ದೆ ತಾಟಿನ ಹಿಂದೆ ಬಿಗಿದೆ.

ಅಮ್ಮ ನೋಡಿ, "ಇದೇನ್ಲಾ, ದೋಸೆ ತಟ್ಟೆಯಷ್ಟೂ ಇಲ್ಲ" ಅಂದಳು. ಕೈ ಒಡ್ಡಿ ಗಾಳಿ ನೋಡಿದ ಮೇಲೆ, ಇನ್ನೊಂದು ಎಲ್ಲಿ ಅಂದಳು. ಮೂರನೆಯದನ್ನು ಎದುರು ಕಿಟಕಿಯಲ್ಲಿ ಉಲ್ಟಾ ಕಟ್ಟಿದೆ, ಒಳಗಿನ ಸೆಕೆ ಹೊರಗೆ ತಳ್ಳಲಿ ಅಂತ. ಕ್ಯಾಬಿನೆಟ್‌ನಲ್ಲಿ ಮಾಡಬೇಕೆಂದಿದ್ದ ಜೋಡಣೆಯೇ ಅದು, ಒಂದು ಕೋಣೆಯ ಅಳತೆಗೆ.

ಸಂಜೆವರೆಗೂ ನಾನು ತಾಟಿಗೆ ನೀರು ಹಾಕುವುದು, ಅಮ್ಮ ಥರ್ಮಾಮೀಟರ್ ನೋಡುವುದು. ಅದೇನೂ ಧುಮ್ಮಿಕ್ಕಿ ಇಳಿಯಲಿಲ್ಲ. ಮೊದಲು ಏರುವುದು ನಿಂತಿತು, ಆಮೇಲೆ ನಿಧಾನಕ್ಕೆ ಎರಡು ಗೆರೆ ಕೆಳಗೆ ಬಂತು. ಹುಳಗಳು ಒಂದೊಂದಾಗಿ ಸೊಪ್ಪಿಗೆ ಬಾಯಿ ಹಾಕಿದವು. ಅಮ್ಮ ಮೊರ ಕೆಳಗಿಟ್ಟು ನೀರು ಕುಡಿದಳು.

ಕರೆಂಟು ಬಂದ ಮಾರನೇ ದಿನ ಅಮ್ಮ ಒಂದು ಫ್ಯಾನ್ ಬಿಚ್ಚಿ, ಸೆರಗಿನಲ್ಲಿ ಒರೆಸಿ ನನ್ನ ಕಡೆ ಹಿಡಿದಳು. "ತಗಳ್ಳಾ, ನಿನ್ ಆಟದ್ದು." ರೆಕ್ಕೆ ತುಂಬಾ ಹುಳಕ್ಕೆ ಎರಚಿದ ಸುಣ್ಣದ ಪುಡಿ. ಮೂರೂ ಇಲ್ಲೇ ಇರಲಿ ಬಿಡಮ್ಮ ಅಂದೆ.

ಬೇರೆ ಫ್ಯಾನ್ ತರಿಸಬಹುದಿತ್ತು. ಆದರೆ ಎರಡು ಗೆರೆ ಇಳಿಸಲು ಎಷ್ಟು ಪಾಡು ಅಂತ ಆ ಮಧ್ಯಾಹ್ನ ನೋಡಿದ ಮೇಲೆ, ಕಾದ ಶೀಟಿನ ಕೆಳಗೆ ನನ್ನ ಕೈಯಾರೆ ಇನ್ನೊಂದು ಒಲೆ ಹಚ್ಚಲು ಮನಸ್ಸು ಬರಲಿಲ್ಲ. ಸಾಧಾರಣ ಪ್ರೊಸೆಸರ್ ತರಿಸಿದೆ. ಅದಕ್ಕೆ ಎತ್ತರದ ಗಾಳಿ ಕೂಲರ್ ಹಾಕಿದೆ, ಒಂದೇ ಫ್ಯಾನಿನದು. ಮೊದಲ ದಿನ ಬೇಕೆಂದೇ ಸುಡು ಮಧ್ಯಾಹ್ನ ಆಟ ಆಡಿದೆ. ಸ್ಕ್ರೀನಿನ ಮೂಲೆಯ ಟೆಂಪರೇಚರ್ ಎಂಬತ್ತು ಡಿಗ್ರಿ ಆಸುಪಾಸಿಗೆ ಹೋಗಿ ಅಲ್ಲೇ ನಿಂತಿತು. ಆಟ ಎಲ್ಲೂ ತಡವರಿಸಲಿಲ್ಲ. ನಾನೇ ಬೆವರಿ ಎದ್ದೆ.

ಅದೇ ವಾರ ಹುಳ ಹಣ್ಣಾದವು, ಅಂದರೆ ತಿನ್ನುವುದು ಮುಗಿಸಿ ಗೂಡು ಕಟ್ಟಲು ತಯಾರಾದವು. ಅವು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳಿಗೆ ಹುಳ ಬಿಡಲು ನಾನೂ ಕೈ ಹಾಕಿದೆ. ಸುಮಾರು ಹುಳ ಸತ್ತಿದ್ದವು, ಆದರೂ ಬೆಳೆ ನಿಂತಿತು. ಗೂಡು ಬಿಡಿಸುವ ದಿನ ಅಮ್ಮ ಒಂದನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗಿನ ಕೋಶದ ಸದ್ದು ಕೇಳಿ ಬುಟ್ಟಿಗೆ ಹಾಕಿ, ಮುಂದಿನ ಬೆಳೆಗೆ ಮರಿಹುಳಕ್ಕೆ ಹೇಳಿ ಬಾ ಅಂದಳು. ಕುರಿಯ ಮಾತು ಯಾರೂ ಎತ್ತಲಿಲ್ಲ.

ಈಗ ನೀವು ಹೇಳಿ. ಮಧುಗಿರಿ, ಪಾವಗಡದ ಬಿಸಿಲಲ್ಲಿ, ಶೀಟಿನ ಕೆಳಗೆ, ಏಸಿ ಇಲ್ಲದೆ ಕಂಪ್ಯೂಟರ್ ಓಡಿಸುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದೀರಿ. ಯಾವ ಪ್ರೊಸೆಸರ್ ಹಾಕಿದ್ದೀರಿ, ಯಾವ ಕೂಲರ್, ಆ ಬಿಸಿಯನ್ನು ಮನೆಯಿಂದ ಹೊರಗೆ ಹೇಗೆ ಕಳಿಸುತ್ತೀರಿ? ನಂಬರ್ ಸಮೇತ ಬರೆಯಿರಿ. ಏಸಿ ರೂಮಿನವರದು ಓದಿ ಓದಿ ನನಗೆ ಸಾಕಾಗಿದೆ.