ಹೆಚ್ಚಿದ ಬಳೆ, ಅಜವಾನದ ಅರ್ಕ

ಕೃಷ್ಣೆಯ ಹಿನ್ನೀರು ಗಲಗಲಿ ಕಡೆಯ ನಮ್ಮ ಮನೆಯ ಹಿತ್ತಲಿಗೆ ಬಂದಮೇಲೆ ನಾವು ಜಮಖಂಡಿ ಸೇರಿದೆವು. ಸಾಮಾನು ಟ್ರ್ಯಾಕ್ಟರಿಗೆ ಹೇರುವಾಗ ಅತ್ತೆಯವರು ಅರ್ಕ ಇಳಿಸುತ್ತಿದ್ದ ಮಣ್ಣಿನ ಗಡಿಗೆ ಸೀಳಿತು. ಅಜವಾನವನ್ನು ನೀರಿನಲ್ಲಿ ಕುದಿಸಿ, ಏಳುವ ಹಬೆಯನ್ನು ತಣಿಸಿ ಹನಿಹನಿಯಾಗಿ ಹಿಡಿದರೆ ಅರ್ಕ. ಬಾಣಂತಿಯರ ಹೊಟ್ಟೆಯುಬ್ಬರಕ್ಕೆ ಊರಿನವರೆಲ್ಲ ಅತ್ತೆಯವರ ಹತ್ತಿರವೇ ಬರುತ್ತಿದ್ದರು.

ಜಮಖಂಡಿಯಲ್ಲಿ ಗಡಿಗೆಯ ಬದಲು ತಾಮ್ರದ ಪಾತ್ರೆ ಬಂತು, ಸಗಣಿಯ ಕುಳ್ಳಿನ ಒಲೆಯ ಬದಲು ಗ್ಯಾಸು. ಕುಳ್ಳಿನ ಕೆಂಡಕ್ಕಿದ್ದ ತಾಳ್ಮೆ ಗ್ಯಾಸಿಗೆ ಇಲ್ಲ. ಅಜವಾನ ನೊರೆಯೆದ್ದು ಮುಚ್ಚಳದ ಕೊಳವೆಗೇ ನುಗ್ಗಿತು. ಇಳಿದ ಅರ್ಕ ಕಂದು ಬಣ್ಣ, ಸೀದ ವಾಸನೆ. ನಾದಿನಿ ಆಗ ಹೆರಿಗೆಯಾಗಿ ನಮ್ಮಲ್ಲೇ ಮಲಗಿದ್ದಳು, ಹೊಟ್ಟೆನೋವೆಂದು ನರಳುತ್ತಿದ್ದಳು. ಅತ್ತೆಯವರು ಬಾಟಲಿಯನ್ನು ಮೂಸಿ ಬಚ್ಚಲಿಗೆ ಸುರಿದರು.

"ಇದನ್ನ ನನ್ನ ಮಗಳಿಗೆ ಕುಡಸಂಗಿಲ್ಲ. ನನ್ನ ಕೈಲೆ ಇನ್ನ ಅರ್ಕ ಆಗೂದಿಲ್ಲ ಬಿಡವಾ."

ಬಿಡುವುದು ಹೇಗೆ? ತಪ್ಪು ಅವರ ಕೈಯದಲ್ಲ, ಮುಚ್ಚಳದ್ದು. ಅದು ನನಗೆ ಸ್ಪಷ್ಟವಿತ್ತು. ನಮ್ಮ ಮನೆಯವರು ಸಮೀರವಾಡಿಯಲ್ಲಿ ಸಕ್ಕರೆ ಕಾರ್ಖಾನೆಗೆ ಹೋಗುತ್ತಿದ್ದರು. ಕಬ್ಬಿನ ರಸ ಕುದಿಯುವ ಪಾತ್ರೆಯ ತಲೆಯಲ್ಲಿ, ಹಾರಿದ ಹನಿಯನ್ನು ತಡೆದು ಕೆಳಕ್ಕೆ ಕಳಿಸುವ ತಟ್ಟೆಗಳಿರುತ್ತವೆ ಎಂದು ಅವರೇ ಒಮ್ಮೆ ಹೇಳಿದ್ದರು. ನಮ್ಮ ಪಾತ್ರೆಗೂ ಅಂಥದೊಂದು ತಲೆ ಬೇಕು. ಮೊಳದುದ್ದದ ಕುತ್ತಿಗೆ, ಒಳಗೆ ಹಬೆಗೆ ಅಡ್ಡಾಗುವಂಥದ್ದೇನಾದರೂ. ಭಾರವಾದದ್ದು ಅದಕ್ಕೆ ತಾಕಿ, ತಣ್ಣಗಾಗಿ, ಮತ್ತೆ ಪಾತ್ರೆಗೇ ಬೀಳಬೇಕು. ಹಗುರಾದದ್ದು ಮಾತ್ರ ಪಕ್ಕದ ಕೊಳವೆ ಹಿಡಿದು ಹೊರಗೆ ಬರಬೇಕು.

ತಾಮ್ರದ ಕೆಲಸದವನಿಂದ ಕುತ್ತಿಗೆ ಮಾಡಿಸಿ ತಂದೆ, ತಳಕ್ಕೆ ತಂತಿಯ ಜಾಳಿಗೆ. ಹಬೆ ಸೋರದಂತೆ ಸಂದಿಗೆ ಗೋಧಿಯ ಕಣಕ ಮೆತ್ತುತ್ತಿದ್ದಾಗ ಮನೆಯವರು ಪಾಳಿ ಮುಗಿಸಿ ಬಂದರು.

"ಏನ್ಲೇ, ಭಟ್ಟಿ ಹೂಡೀಯೇನು? ಅಬಕಾರಿಯವರು ಬಂದ್ರ ಈ ಮನಿ ಮಾಲಕ ನಾ ಅಲ್ಲ, ನೋಡು."

"ಬರಲಿ ಬಿಡ್ರಿ. ಅವರಿಗೂ ಒಂದೊಂದು ಚಮಚಿ ಕೊಡತೇನಿ. ಅವರ ಹೊಟ್ಟೀನೂ ಉಬ್ಬಿರತೈತಿ."

ಮೊದಲು ಕುತ್ತಿಗೆಯೊಳಗೆ ಪಾತ್ರೆ ತಿಕ್ಕುವ ಹೊಸ ತಂತಿಜುಂಗು ತುರುಕಿದೆ. ನೊರೆ ನಿಂತಿತು, ಆದರೆ ಅರ್ಕಕ್ಕೆ ಕಬ್ಬಿಣದ ರುಚಿ ಬಂತು. ಗಾಜಾದರೆ ರುಚಿ ಬಿಡುವುದಿಲ್ಲ. ತುಂಡು ಬಾಗಿದ್ದರೆ ನಡುವೆ ಹಬೆಗೆ ದಾರಿಯೂ ಉಳಿಯುತ್ತದೆ. ಥಟ್ಟನೆ ಹೊಳೆಯಿತು, ಬಾಣಂತಿಯ ಕೋಣೆಯ ಬಾಗಿಲಲ್ಲೇ ನಿಂತು ಅಂದುಬಿಟ್ಟೆ:

"ಅತ್ತೀ, ಒಡದ ಬಳಿ ತುಂಬೂಣ್ರಿ."

ಅತ್ತೆಯವರ ಮುಖ ಕಪ್ಪಿಟ್ಟಿತು. "ಕೂಸು ಬಾಣಂತಿ ಮಲಗಿದಲ್ಲಿ ಎಂಥಾ ಮಾತವಾ ಇದು? ಬಳಿ ಹೆಚ್ಚಿದ್ವು ಅನಬೇಕು."

"ಹೆಚ್ಚಿದ ಬಳೀರಿ."

"ಹೆಂಗ ಅಂದ್ರೂ ಬ್ಯಾಡ. ಯಾವ ಮುತ್ತೈದಿ ಕೈಯಾಗಿಂದೋ, ಎಂಥಾ ಹೊತ್ತಿನ್ಯಾಗ ಹೆಚ್ಚಿದ್ದೋ. ಅದರ ಮ್ಯಾಲೆ ಹಾದು ಬಂದ ಅರ್ಕ ನನ್ನ ಮಗಳಿಗೆ ಬ್ಯಾಡ."

ಒಳಗಿನಿಂದ ನಾದಿನಿ ಕೂಗಿದಳು: "ಯವ್ವಾ, ಬಳೀನರ ಹಾಕ್ರಿ, ಗೆಜ್ಜೀನರ ಹಾಕ್ರಿ. ನನ್ನ ಹೊಟ್ಟಿ ಕುಪ್ಪಸದಾಗ ಹಿಡಿಯವಲ್ದು."

ಮರುದಿನ ಬನಹಟ್ಟಿಗೆ ಸೀರೆ ತರಲು ಹೋದವಳು ಬಳೆಗಾರ್ತಿಯ ಮುಂದೆ ಕೂತೆ. ಕಟ್ಟು ಬಿಚ್ಚುವಾಗಲೇ ಚೂರಾಗಿರುವ ಬಳೆಗಳಿದ್ದರೆ ಕೊಡು, ಬಂಗಾರದ ಗೆರೆ, ಮೇಲೆ ಬಳಿದ ಬಣ್ಣ ಇದ್ದದ್ದು ಬೇಡ, ಗಾಜೇ ಹಸಿರಾಗಿರಬೇಕು ಎಂದೆ. ಆಕೆ ಬುಟ್ಟಿಯ ತಳದ ಕಟ್ಟುಗಳನ್ನು ಬಿಚ್ಚಿ ಒಂದು ಬೊಗಸೆ ಆರಿಸಿಕೊಟ್ಟು, "ಇವನ್ನ ಏನ್ ಮಾಡತೀಯವಾ?" ಎಂದಳು. ಅಡಿಗಿ ಮಾಡತೇನಿ ಎಂದೆ.

ಮನೆಗೆ ಬಂದು ಅವನ್ನು ಅತ್ತೆಯವರ ಮುಂದೆ ಹರವಿದೆ. "ಇವು ಯಾರ ಕೈಯನ್ನೂ ಏರಿಲ್ರೀ. ಯಾರೂ ತೊಡಲಾರದ ಬಳಿ ಬರೇ ಗಾಜಲ್ಲೇನ್ರಿ?"

ಅವರು ಮುಟ್ಟದೆ ಬಗ್ಗಿ ನೋಡಿದರು. "ಬಳಿಗಾರಾಕಿ ಆಣಿ ಮಾಡಿ ಹೇಳ್ಯಾಳೇನು?"

"ಕಟ್ಟು ಬಿಚ್ಚಿ ತೋರಿಸ್ಯಾಳ್ರಿ."

ಚೂರುಗಳನ್ನು ಕುದಿನೀರಿನಲ್ಲಿ ಅದ್ದಿ, ಒಂದೊಂದನ್ನೇ ಸೆರಗಿನಲ್ಲಿ ಒರೆಸಿ, ಕುತ್ತಿಗೆಯೊಳಗೆ ಇಳಿಬಿಟ್ಟವರು ಅತ್ತೆಯವರೇ. ಮಾವನವರು ತೀರಿಹೋದಮೇಲೆ ಅವರು ಹಸಿರು ಬಳೆಯನ್ನು ಕೈಯಲ್ಲಿ ಹಿಡಿದದ್ದನ್ನು ನಾನು ನೋಡಿರಲಿಲ್ಲ. ನಾನು ಉರಿ ನೋಡುವ ನೆವದಲ್ಲಿ ಒಲೆಯ ಕಡೆ ತಿರುಗಿದೆ.

ಕುದಿ ಹತ್ತಿತು. ಕಿವಿಯಿಟ್ಟರೆ ಕುತ್ತಿಗೆಯೊಳಗೆ ಹನಿಗಳು ಗಾಜಿಗೆ ತಾಕಿ ಹಿಂದಕ್ಕೆ ಬೀಳುವ ಸಣ್ಣ ಸದ್ದು. ಒದ್ದೆ ಅರಿವೆ ಸುತ್ತಿದ ಕೊಳವೆಯ ತುದಿಯಿಂದ ಮೊದಲ ಹನಿ ಇಳಿಯಲು ಹೊತ್ತಾಯಿತು. ಆದರೆ ಇಳಿದದ್ದು ತಿಳಿ, ಮೇಲೆ ಎಣ್ಣೆಯ ತೆಳು ಪೊರೆ. ಅತ್ತೆಯವರು ಅಂಗೈಗೆ ಹಾಕಿಕೊಂಡು ತಿಕ್ಕಿ ಮೂಸಿದರು, ನಾಲಿಗೆಗೆ ಮುಟ್ಟಿಸಿದರು, ಮತ್ತೊಮ್ಮೆ ಮೂಸಿದರು. ಆಮೇಲೆ ಅರ್ಕವನ್ನು ತೆಳು ಅರಿವೆಯಲ್ಲಿ ಸೋಸಿ, ಚಮಚ ಹಿಡಿದು ಮಗಳ ಕೋಣೆಗೆ ಹೋದರು.

"ಉರೀತೈತಿ ಬೇ," ಎಂದಳು ನಾದಿನಿ.

"ಉರೀಲಿ. ನುಂಗು."

ಸ್ವಲ್ಪ ಹೊತ್ತಿಗೆ ಒಳಗಿಂದ ಒಂದು ದೊಡ್ಡ ತೇಗು ಕೇಳಿಸಿತು. ಅತ್ತೆಯವರು ಹೊರಗೆ ಬಂದು, ಓಣಿಯ ಕೊನೆಯ ಮನೆಯಲ್ಲಿ ಇನ್ನೊಬ್ಬ ಬಾಣಂತಿ ಇದ್ದಾಳಂತೆ, ಮತ್ತೊಂದು ಸೇರು ಅಜವಾನ ನೆನೆಹಾಕು ಎಂದರು.